ತುಂಬಿಸಿ ಕಳಿಸಿದ ಬ್ಯಾಟರಿ

ಸಂಕ್ರಾಂತಿ ಕಳೆದ ವಾರ ನನ್ನ ಬೆಂಚಿನ ಮೇಲೆ ಹಾದುಹೋದ ಮೂವತ್ತೆರಡು ಬ್ಯಾಟರಿಗಳಷ್ಟು ಒಳ್ಳೆಯ ಬ್ಯಾಟರಿಗಳನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಹಾಗಂತ ಪರೀಕ್ಷಾ ವರದಿಯಲ್ಲೂ ಬರೆದೆ. ಬರೆದದ್ದು ಸಾಲದು ಅಂತ ಮಾಲೀಕರನ್ನು ಕರೆದು ಕಂಪ್ಯೂಟರಿನಲ್ಲಿ ಕಾವಿನ ಗೆರೆ ತೋರಿಸಿದೆ. ‘ನೋಡಿ ಸಾರ್, ಮೂವತ್ತೆಂಟು ಡಿಗ್ರಿ ದಾಟಿಲ್ಲ. ಈ ಸಲ ಸೆಲ್ಲು ಚೆನ್ನಾಗಿ ಬಂದಿವೆ’ ಅಂದೆ. ಅವರು ಬೆನ್ನು ತಟ್ಟುವ ಪೈಕಿ ಅಲ್ಲ. ಆದರೂ ಅವತ್ತು ‘ಗುಡ್’ ಅಂದರು. ಆ ಒಂದು ಗುಡ್ಡಿಗೆ ನಾನು ಎರಡು ದಿನ ಹಿಗ್ಗಿದ್ದೆ.

ಗೆಜ್ಜಲಗೆರೆ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನಲ್ಲಿ ನಮ್ಮ ಶೆಡ್ಡು. ಹದಿನಾಲ್ಕು ಜನ. ಎಲೆಕ್ಟ್ರಿಕ್ ಸ್ಕೂಟರಿಗೆ ಬೇಕಾದ ಲಿಥಿಯಂ ಬ್ಯಾಟರಿ ಜೋಡಿಸುವುದು ಕೆಲಸ. ಹಿಡಿಕೆ ಇರುವ ಹಸಿರು ಪೆಟ್ಟಿಗೆ, ಹನ್ನೆರಡು ಕೆ.ಜಿ. ತೂಕ. ಸ್ಕೂಟರಿನಿಂದ ಬಿಚ್ಚಿ ಮನೆಯೊಳಗೆ ಒಯ್ದು ಚಾರ್ಜಿಗೆ ಹಾಕಬಹುದು. ಒಳಗೆ ಟಾರ್ಚ್ ಸೆಲ್ಲಿನ ಗಾತ್ರದ ಸೆಲ್ಲುಗಳ ಸಾಲು, ಅವುಗಳ ನೆತ್ತಿಯ ಮೇಲೆ ನಿಕ್ಕಲ್ ಪಟ್ಟಿ, ಪಕ್ಕದಲ್ಲಿ ಒಂದು ಬೋರ್ಡು. ಕರೆಂಟು ಜಾಸ್ತಿಯಾದರೆ, ಕಾವು ಐವತ್ತೈದು ದಾಟಿದರೆ, ಆ ಬೋರ್ಡು ತಾನೇ ಎಲ್ಲ ನಿಲ್ಲಿಸಿಬಿಡಬೇಕು. ಆದರೆ ಬೋರ್ಡಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಸೆಲ್ಲಿಗೆ ಅಂಟಿಸಿರುವ ಎರಡು ಸೆನ್ಸರು ಏನು ಹೇಳುತ್ತವೋ ಅದಕ್ಕೆ ಅಷ್ಟೇ ಗೊತ್ತು. ಅಕ್ಕಿಕಾಳಿನಷ್ಟು ದಪ್ಪದ ಸೆನ್ಸರುಗಳು.

ಜೋಡಿಸಿದ್ದನ್ನೆಲ್ಲ ಪರೀಕ್ಷೆ ಮಾಡಿ ಪಾಸ್ ಚೀಟಿ ಅಂಟಿಸುವುದು ನನ್ನ ಪಾಲಿನ ಕೆಲಸ. ನನ್ನ ಸಹಿ ಇಲ್ಲದೆ ಒಂದು ಪೆಟ್ಟಿಗೆಯೂ ಗೇಟು ದಾಟುವಂತಿರಲಿಲ್ಲ. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಆ ವಾರ ಸೆನ್ಸರಿಗೆ ಹಾಕುವ ಅಂಟು ಮುಗಿದುಹೋಗಿತ್ತು. ಕಾವನ್ನು ಸಲೀಸಾಗಿ ದಾಟಿಸುವ ಬಿಳಿಯ ಅಂಟು ಅದು. ಬೆಂಗಳೂರಿನಿಂದ ಬರಬೇಕು. ಜೋಡಣೆ ವಿಭಾಗದ ಮದ್ದೂರಿನ ಹೆಂಗಸು ನನ್ನ ಹತ್ತಿರ ಬಂದು ಕೇಳಿದಳು.

‘ಮೇಡಂ, ಅಂಟು ಆಗೋಗದೆ. ನಾಡಿದ್ದು ಬತ್ತದಂತೆ. ಟೇಪ್ ಆಕ್ಲಾ?’

ನಾನು ಆಗ ಒಂದು ಕೆಟ್ಟ ಚಾರ್ಜರಿನ ಜೊತೆ ಗುದ್ದಾಡುತ್ತಿದ್ದೆ. ತಲೆ ಎತ್ತಲಿಲ್ಲ. ‘ಹಾಕು, ಅಲ್ಲಾಡದಿದ್ರೆ ಸಾಕು’ ಅಂದೆ.

ಎರಡು ದಿನ ಟೇಪಿನಲ್ಲೇ ಕೆಲಸ ನಡೆಯಿತು. ಆಮೇಲೆ ಅಂಟು ಬಂತು. ಟೇಪಿನ ವಿಷಯ ಎಲ್ಲರಿಗೂ ಮರೆತುಹೋಯಿತು. ಆ ಎರಡು ದಿನದ ಪೆಟ್ಟಿಗೆಗಳೇ ನಾನು ಹೊಗಳಿದ ಮೂವತ್ತೆರಡು. ಬೇರೆ ಬ್ಯಾಚಿನವು ನಲವತ್ತಾರಕ್ಕೆ ಏರುತ್ತಿದ್ದ ಕಡೆ ಇವು ಮೂವತ್ತೆಂಟಕ್ಕೆ ನಿಂತಿದ್ದವು. ಯಾಕೆ ಅಂತ ಕೇಳಬೇಕಾಗಿದ್ದವಳು ನಾನು. ಕಾವು ಜಾಸ್ತಿ ತೋರಿಸಿದ್ದರೆ ಆ ಪೆಟ್ಟಿಗೆಯ ಜನ್ಮ ಜಾಲಾಡುತ್ತಿದ್ದೆ. ಕಡಿಮೆ ತೋರಿಸಿದ್ದಕ್ಕೆ ಖುಷಿಪಟ್ಟು ಸಹಿ ಹಾಕಿದೆ.

ಮಾರ್ಚಿ ಕೊನೆಯಲ್ಲಿ ಮದ್ದೂರಿನ ಅಂಗಡಿಯಿಂದ ಒಂದು ಪೆಟ್ಟಿಗೆ ವಾಪಸ್ ಬಂತು. ಹೊಟ್ಟೆ ಉಬ್ಬಿ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ತಿರುಪು ಬಿಚ್ಚಿ ತೆರೆದೆ. ಮೊದಲು ಮೂಗಿಗೆ ಬಡಿದದ್ದು ವಾಸನೆ, ಉಗುರುಬಣ್ಣದ ಥರ ಸಿಹಿಸಿಹಿಯಾದದ್ದು. ಸೆಲ್ಲಿನೊಳಗಿನ ದ್ರಾವಣ ಸೋರಿದರೆ ಬರುವ ವಾಸನೆ ಅದು. ನಡುವಿನ ನಾಲ್ಕು ಸೆಲ್ಲುಗಳ ಮೇಲುಹೊದಿಕೆ ಕಂದಿ ಸುಕ್ಕಾಗಿತ್ತು. ಸೆನ್ಸರು ಎರಡೂ ಸೆಲ್ಲು ಬಿಟ್ಟು ಪೆಟ್ಟಿಗೆಯ ಪ್ಲಾಸ್ಟಿಕ್ ಗೋಡೆಗೆ ಒರಗಿಕೊಂಡಿದ್ದವು. ಬಿಸಿಲಿಗೆ ಟೇಪಿನ ಗೋಂದು ಕರಗಿ ಬಿಟ್ಟುಕೊಂಡಿತ್ತು. ಅಂಟಿಕೊಂಡಿದ್ದಾಗಲೂ ಅವು ಟೇಪಿನ ಮೇಲೆ ಕೂತಿದ್ದವೇ ಹೊರತು ಸೆಲ್ಲಿನ ಮೇಲಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಹೋಗದೆ ಸ್ಟಾಕು ಹುಡುಕಿದೆ.

ಶೆಡ್ಡಿನ ಹಿಂದೆ ಮರಳು ತುಂಬಿದ ಒಂದು ಗುಂಡಿ ಇದೆ. ಪೆಟ್ಟಿಗೆ ಸುಟ್ಟು ನೋಡುವ ಜಾಗ. ಸ್ಟಾಕಿನಲ್ಲಿ ಅದೇ ಬ್ಯಾಚಿನ ಎರಡು ಪೆಟ್ಟಿಗೆ ಉಳಿದಿದ್ದವು. ಒಂದನ್ನು ಗುಂಡಿಯಲ್ಲಿಟ್ಟು, ನಡುವಿನ ಸೆಲ್ಲಿಗೆ ಕಾವು ಅಳೆಯುವ ನನ್ನದೇ ಬೇರೆ ತಂತಿ ಅಂಟಿಸಿ, ದೂರ ಕೂತು ಚಾರ್ಜಿಗೆ ಹಾಕಿದೆ. ಬಿಸಿಲಿನಲ್ಲೇ. ಜನ ಹಾಗೇ ತಾನೆ ಹಾಕುವುದು, ಶೀಟು ಮನೆಯೊಳಗೆ, ಕಿಟಕಿ ಮುಚ್ಚಿಕೊಂಡು. ಒಂದು ಗಂಟೆ ಕಳೆಯುವ ಹೊತ್ತಿಗೆ ಪೆಟ್ಟಿಗೆಯ ಬೋರ್ಡು ಮೂವತ್ತೇಳು ಅಂತಿತ್ತು. ನನ್ನ ತಂತಿ ಅರವತ್ತೆರಡು ಅಂತಿತ್ತು. ಬೋರ್ಡು ನೆಮ್ಮದಿಯಾಗಿ ಕರೆಂಟು ಕುಡಿಯುತ್ತಲೇ ಇತ್ತು. ನಾನೇ ಹೋಗಿ ಮೇನ್ ಸ್ವಿಚ್ಚು ಆರಿಸಿದೆ.

ಅರವತ್ತೆರಡಕ್ಕೇ ಬೆಂಕಿ ಹತ್ತಿಕೊಳ್ಳುವುದಿಲ್ಲ. ಆದರೆ ಪ್ರತಿದಿನ ಹಾಗೆ ಕಾದರೆ ಸೆಲ್ಲು ಒಳಗೊಳಗೇ ಹಾಳಾಗುತ್ತ ಬರುತ್ತದೆ. ಒಂದು ದಿನ ಯಾವುದೋ ಒಂದು ಸೆಲ್ಲಿನೊಳಗೆ ಎರಡು ಪದರ ತಗುಲಿಕೊಳ್ಳುತ್ತವೆ. ಆಮೇಲೆ ಅದು ತಾನು ಕಾದು ಪಕ್ಕದ್ದನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಆಗ ಚಾರ್ಜರ್ ಕಿತ್ತರೂ ನಿಲ್ಲುವುದಿಲ್ಲ. ಪೆಟ್ಟಿಗೆ ಪೂರ್ತಿ ಚಾರ್ಜಾಗಿದ್ದಷ್ಟೂ ಆ ಬೆಂಕಿಗೆ ಜೋರು. ಖಾಲಿ ಇದ್ದರೆ ಎಷ್ಟೋ ಸಲ ಹೊಗೆಯಾಡಿ ಸುಮ್ಮನಾಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಹೊಸದಾಗಿ ಸೇರಿದವರಿಗೆ ಪಾಠ ಮಾಡುತ್ತಿದ್ದವಳು ನಾನೇ.

ಮಾಲೀಕರು ವರದಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯ ಅಲ್ಲ. ‘ಒಂದೂ ಬಿಡದೆ ವಾಪಸ್ ತರಿಸಿ’ ಅಂದರು. ಆಮೇಲೆ ಬಾಗಿಲು ಹಾಕಿಕೊಂಡು ಬಂದು ಇನ್ನೊಂದು ಮಾತು ಸೇರಿಸಿದರು.

‘ಬೆಂಕಿ ಅಂತ ಮಾತ್ರ ಯಾರ ಬಾಯಲ್ಲೂ ಬರಬಾರ್ದು. ಬಂತೋ, ಜನ ಪೆಟ್ಟಿಗೆ ತಂದು ನಮಗೆ ಕೊಡಲ್ಲ. ಹೆದರಿಕೊಂಡು ಯಾವನಿಗೋ ಮಾರಿಬಿಡ್ತಾರೆ. ಆಗ ಎಲ್ಲಿ ಅಂತ ಹುಡುಕ್ತೀರಿ? ಫ್ರೀ ಸರ್ವೀಸ್ ಅನ್ನಿ, ಓಡಿ ಬರ್ತಾರೆ.’

ನಿಜಕ್ಕೂ ಅದರಲ್ಲಿ ತಲೆ ಇತ್ತು. ನನಗೂ ಸರಿ ಅನ್ನಿಸಿತು. ಈಗ ಎಲ್ಲವನ್ನೂ ಅವರ ತಲೆಗೆ ಕಟ್ಟುವುದು ಸುಲಭ. ಆದರೆ ಅವತ್ತು ನಾನು ಒಂದು ಮಾತು ಎದುರಾಡಲಿಲ್ಲ. ಬೆಂಕಿ ಅಂದರೆ ಟೇಪು ಅನ್ನಬೇಕು, ಟೇಪು ಅಂದರೆ ನನ್ನ ಸಹಿ ಅನ್ನಬೇಕು.

ಆ ಬ್ಯಾಚು ಕೊಂಡವರ ಪಟ್ಟಿ ಹಿಡಿದು ಫೋನು ಮಾಡಿದೆವು. ಫ್ರೀ ಸರ್ವೀಸ್ ಅಂದಮೇಲೆ ಕೇಳಬೇಕೆ? ಮಂಡ್ಯದಿಂದ, ಮದ್ದೂರಿನಿಂದ, ಮಳವಳ್ಳಿಯಿಂದ ಹಸಿರು ಪೆಟ್ಟಿಗೆ ಬರತೊಡಗಿದವು. ತಂದವರಿಗೆಲ್ಲ ಹಳೇ ಬ್ಯಾಚಿನ ಒಂದೊಂದು ಬದಲಿ ಪೆಟ್ಟಿಗೆ ಕೊಟ್ಟು ಕಳಿಸಿದೆವು. ದೂರದವರ ಮನೆಗೆ ನಮ್ಮ ಗೂಡ್ಸ್ ಆಟೋವೇ ಹೋಗಿ ತಂದಿತು. ಮೊದಲೇ ಶೆಡ್ಡಿನಲ್ಲಿದ್ದ ಮೂರೂ ಸೇರಿ ಎರಡು ವಾರದಲ್ಲಿ ಲೆಕ್ಕ ಮೂವತ್ತೆರಡಕ್ಕೆ ಮುಟ್ಟಿತು. ಅವತ್ತು ನಾನೇ ಎಲ್ಲರಿಗೂ ಮದ್ದೂರಿನಿಂದ ವಡೆ ತರಿಸಿದೆ. ಜೋಡಣೆಯ ಹೆಂಗಸು ಮಾತ್ರ ವಡೆ ಮುಟ್ಟದೆ ಮೂಲೆಯಲ್ಲಿ ಕೂತಿದ್ದಳು. ‘ತಿನ್ನೇ, ಎಲ್ಲಾ ಬಂದ್ವಲ್ಲ’ ಅಂದೆ.

ಮಾರನೆಯ ದಿನ ವರದಿ ಮುಗಿಸೋಣ ಅಂತ ಒಂದೊಂದೇ ಪೆಟ್ಟಿಗೆ ತಿರುಗಿಸಿ ತಳದ ನಂಬರು ಬರೆದುಕೊಳ್ಳುತ್ತಿದ್ದೆ. ಮೂವತ್ತೊಂದು ಸರಿಯಾಗಿ ಕೂತವು. ಒಂದು ಕೂರಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಬಿಳಿಯ ಅಂಟು, ಕಲ್ಲಿನಂತೆ ಗಟ್ಟಿ. ಅದು ಹಿಂದಿನ ವರ್ಷದ ಪೆಟ್ಟಿಗೆ, ಏನೂ ದೋಷವಿಲ್ಲದ್ದು. ಪಟ್ಟಿಯ ಪ್ರಕಾರ ಅದು ಬಂದದ್ದು ಮಳವಳ್ಳಿಯಲ್ಲಿ ಹೂವಿನಂಗಡಿ ಇಟ್ಟಿರುವ ಒಬ್ಬ ಹೆಂಗಸಿನ ಮನೆಯಿಂದ. ಅಂದರೆ ಅವಳ ಹೆಸರಿನ ಕೆಟ್ಟ ಪೆಟ್ಟಿಗೆ ಇನ್ನೂ ಹೊರಗೆ ಎಲ್ಲೋ ಇದೆ.

ಫೋನು ಮಾಡಿದೆ. ಎತ್ತಿದ್ದು ಅವಳ ಗಂಡ.

‘ಓ, ಸರ್ವೀಸ್ನೋರಾ. ನಮ್ಮೋಳು ಅಂಗಡೀಲವ್ಳೆ. ಪೋನು ನನ್ತಾವೇ ಇರ್ತದೆ. ಕಬ್ಬಿನ್ ಲೋಡು ಮೈಮ್ಯಾಲೆ ಬಿದ್ದು ಕಾಲೆರಡೂ ಓದೊ ಕಣಮ್ಮ. ಈಗ ಮನೆ ಕಾಯದೇ ನನ್ ಡೂಟಿ. ಏಳಿ, ಏನ್ ಸಮಾಚಾರ?’

ಮಾತಿನಲ್ಲಿ ನಗು ಇತ್ತು. ಮಾತಾಡಲು ಯಾರಾದರೂ ಸಿಕ್ಕರೆ ಸಾಕು ಅನ್ನುವ ದನಿ.

‘ನಿಮ್ಮ ಮನೆಯಿಂದ ಬಂದ ಪೆಟ್ಟಿಗೆ ನಿಮ್ದಲ್ವಲ್ಲಣ್ಣ? ನಂಬರ್ ಬೇರೆ ಇದೆ’ ಅಂದೆ.

‘ಅದಾ? ಅದು ನನ್ ತಂಗೀದು. ಭಾರತೀನಗರದ ತಾವ ಅವ್ಳೆ. ಶಿವರಾತ್ರಿಗೆ ಊವಿನ ಯಾಪಾರ ಜೋರಿತ್ತು ನೋಡಿ, ಅವಳ್ದೂ ಈಸ್ಕಂಡಿದ್ವಿ. ಆಮ್ಯಾಕೆ ಅವ್ಳಿಗೆ ಬೇಕಾದಾಗ ನಮ್ದು ಓಯ್ತು. ಮುಯ್ಯಿ ಕಣಮ್ಮ. ಎಲ್ಲಾ ಅಸ್ರು ಪೆಟ್ಗೇನೇ, ಯಾವ್ದು ಯಾರ್ದು ಅಂತ ಯಾರ್ ನೋಡಾರು?’

ನಾನು ಯಲಿಯೂರಿನವಳು. ಮುಯ್ಯಿ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿ ಕಾಲದಲ್ಲಿ ನಮ್ಮಮ್ಮ ಇನ್ನೊಬ್ಬರ ಗದ್ದೆಗೆ ಮುಯ್ಯಾಳಾಗಿ ಹೋಗಿ ಪೈರು ನೆಟ್ಟು ಬರುತ್ತಿದ್ದಳು. ಅವರು ನಮ್ಮ ಗದ್ದೆಗೆ ಬರುತ್ತಿದ್ದರು. ಕೂಲಿ ಇಲ್ಲ, ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದಿಲ್ಲ. ಆಳು ಹೋಗಿಬಂದ ಹಾಗೆ ಈಗ ಬ್ಯಾಟರಿ ಹೋಗಿಬರುತ್ತಿದೆ. ಬೆಂಗಳೂರಿನಿಂದ ಬಂದ ಯಾವನೋ ಎಂಜಿನಿಯರಿಗೆ ಇದು ಹೊಳೆಯದಿದ್ದರೆ ಕ್ಷಮೆ ಇದೆ. ಪೆಟ್ಟಿಗೆ ಒಂದೇ ಮನೆಯಲ್ಲಿ ಕೂತಿರುತ್ತದೆ ಅಂತ ನಾನು ಹೇಗೆ ಅಂದುಕೊಂಡೆನೋ ಕಾಣೆ.

ಅಷ್ಟರಲ್ಲಿ ಅವರು ಕೇಳಿದರು.

‘ಯಾಕಮ್ಮ, ಏನಾರ ತೊಂದ್ರೆನಾ? ಇದ್ರೆ ಏಳ್ಬುಡಿ. ನನ್ ತಲೆ ದೆಸೇಲೇ ಮಡಗೋದು ಅದ್ನ. ಪ್ಲಗ್ಗು ಅಲ್ಲೇ ಇರಾದು.’

ಪೆಟ್ಟಿಗೆ ಅಲ್ಲಿಲ್ಲ, ಭಾರತೀನಗರದಲ್ಲಿದೆ. ಕಾಲಿಲ್ಲದ ಮನುಷ್ಯನನ್ನು ಸುಮ್ಮನೆ ಯಾಕೆ ಹೆದರಿಸುವುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

‘ಏನಿಲ್ಲ ಕಣಣ್ಣ. ನಂಬರ್ ತಾಳೆ ಆಗ್ಬೇಕು, ಅಷ್ಟೆಯ. ನಾಳೆ ವತ್ತಾರೆ ನಾನೇ ಭಾರತೀನಗರಕ್ಕೆ ಹೋಗಿ ತಗೊಂಡು ಬರ್ತೀನಿ. ನಿಮ್ಮ ತಂಗಿಗೊಂದು ಮಾತು ಹೇಳಿರಿ.’

‘ಆಯ್ತು ಬುಡಿ, ಏಳ್ತೀನಿ’ ಅಂದರು.

ಆ ಸಂಜೆಯೇ ಹೋಗಬಹುದಿತ್ತು. ಆಟೋ ಶೆಡ್ಡಿನಲ್ಲೇ ನಿಂತಿತ್ತು. ಹೋದರೆ ಯಲಿಯೂರಿಗೆ ನನ್ನ ರೈಲು ತಪ್ಪುತ್ತಿತ್ತು. ಹೋಗಲಿಲ್ಲ.

ಬೆಳಿಗ್ಗೆ ಆಟೋದಲ್ಲಿ ಮರಳು ತುಂಬಿದ ಕಬ್ಬಿಣದ ಟ್ರಂಕು ಹಾಕಿಕೊಂಡು ಹೊರಟೆವು. ಮದ್ದೂರಿನ ಸಾಬರು ಡ್ರೈವರ್. ವಯಸ್ಸಾದವರು, ಮಾತು ಕಮ್ಮಿ. ತಂಗಿಯ ಮನೆ ಸಿಕ್ಕಾಗ ಒಂಬತ್ತೂವರೆ. ಅವಳು ಹಟ್ಟಿಯ ಅಂಗಳದಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು.

‘ಬ್ಯಾಟ್ರಿನಾ? ಆಗ್ಲೇ ಕಳ್ಸುಬುಟ್ನಲ್ಲ. ಎಂಟ್ಗಂಟೆ ಬಸ್ಗೆ’ ಅಂದಳು.

‘ನಾನು ಬರ್ತೀನಿ ಅಂತ ನಿಮ್ಮಣ್ಣ ಹೇಳ್ಲಿಲ್ವಾ?’

‘ಏಳ್ದ. ಅದ್ಕೇ ಕಳ್ಸಿದ್ದು. ಅದು ಅತ್ಗೇದು. ಮುಯ್ಯಿಗೆ ಬಂದಿದ್ನ ನಾನ್ ಎಂಗಮ್ಮ ಕಂಪ್ನಿಯೋರ ಕೈಲಿ ಕೊಡ್ಲಿ? ಎಲ್ಲಿಂದ ಬಂತೋ ಅಲ್ಗೇ ಓಗ್ಬೇಕು. ನೀವ್ ಅವ್ರತ್ರ ತಕ್ಕಳಿ. ಡ್ರೈವರಣ್ಣ ನಮ್ಮೋರೇಯ, ಇಂಜಿನ್ ಬಾನೆಟ್ ಮ್ಯಾಲೆ ಜೋಪಾನವಾಗಿ ಮಡಿಕ್ಕಂಡ್ರು.’

ಬಸ್ಸಿನ ಬಾನೆಟ್ಟಿನ ಮೇಲೆ ಕೂತವರಿಗೆ ಗೊತ್ತು, ಅದು ಎಷ್ಟು ಸುಡುತ್ತದೆ ಅಂತ. ಮಳವಳ್ಳಿ ತಲುಪುವಷ್ಟು ಹೊತ್ತು ಅದರ ಮೇಲೆ.

‘ಚಾರ್ಜ್ ಎಷ್ಟಿತ್ತು ಅದ್ರಲ್ಲಿ?’

ಅವಳು ನನ್ನನ್ನು ಒಂದು ಥರ ನೋಡಿದಳು.

‘ಈಸ್ಕಂಡಿದ್ನ ಯಾರಾರ ಖಾಲಿ ಕೊಟ್ಟಾರಾ? ಬೈಗೆ ಆಕ್ದೆ, ಬೆಳ್ಗಾಗೋ ಗಂಟ ಬುಟ್ಟಿದ್ದೆ. ಪೂರ್ತಿ ತುಂಬ್ಸೇ ಕಳ್ಸಿದ್ದು.’

ನಮ್ಮ ಮನೆಯಲ್ಲೂ ಅಷ್ಟೆ. ಪಕ್ಕದ ಮನೆಯ ಪಾತ್ರೆಯನ್ನು ನಮ್ಮಮ್ಮ ಒಂದು ಹಿಡಿ ಅವರೆಕಾಯಿಯನ್ನಾದರೂ ಹಾಕದೆ ವಾಪಸ್ ಕೊಟ್ಟವಳಲ್ಲ. ‘ಚಾರ್ಜಿಗೆ ಹಾಕಬೇಡಿ’ ಅನ್ನುವ ಒಂದು ಮಾತು ಹಿಂದಿನ ದಿನ ನಾನು ಹೇಳಿದ್ದರೆ ಸಾಕಿತ್ತು. ಹೇಳಿದ್ದು ‘ಏನಿಲ್ಲ’ ಅಂತ. ಏನಿಲ್ಲ ಅಂದಮೇಲೆ ಅವಳು ಮರ್ಯಾದಸ್ಥರು ಮಾಡುವುದನ್ನು ಮಾಡಿದಳು.

ಆಟೋ ಹತ್ತುತ್ತಲೇ ಮಳವಳ್ಳಿಗೆ ಫೋನು ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು.

‘ಅಣ್ಣ, ಪೆಟ್ಟಿಗೆ ಬಂತಾ?’

‘ಬಂತು ಕಣಮ್ಮ. ನಮ್ಮೋಳು ಬಸ್ಟ್ಯಾಂಡಿಂದ ತಂದು ಮಡಗ್ಬುಟ್ಟು ಈಗ ಅಂಗ್ಡೀಗೋದ್ಲು. ಚಾರ್ಜ್ಗೇನೂ ಆಕಿಲ್ಲ, ಪೂರ್ತಿ ತುಂಬ್ಕಂಡೇ ಬಂದದೆ.’

‘ಅಣ್ಣ, ಸರಿಯಾಗಿ ಕೇಳಿ. ಅದು ನಿಮ್ಮ ಹತ್ರ ಇರಬಾರದು. ಯಾರನ್ನಾದ್ರೂ ಕರೆದು ಆಚೆ ಇಡಿಸಿ. ಈಗಲೇ.’

‘ಈ ಒತ್ನಲ್ಲಿ ಯಾರವ್ರಮ್ಮ ಬೀದೀಲಿ, ಎಲ್ಲಾ ಕೆಲ್ಸಕ್ಕೋಗವ್ರೆ. ನಾನೇನ್ ಎದ್ದು ಮಡಗ್ಲಾ?’ ಅಂತ ನಕ್ಕರು. ಆಮೇಲೆ ನಗು ನಿಂತಿತು. ‘ಯಾಕಮ್ಮ? ನೆನ್ನೆ ಏನಿಲ್ಲ ಅಂದ್ರಿ?’

‘ಸುಳ್ಳು ಹೇಳಿದೆ’ ಅಂದೆ. ‘ಅದಕ್ಕೆ ಬೆಂಕಿ ಹತ್ಕೋಬಹುದು.’

ಆ ಕಡೆ ಏನೋ ಸರಿದ ಸದ್ದು. ಕೈ ಚಾಚಿ ಮುಟ್ಟಿ ನೋಡುತ್ತಿದ್ದರು ಅಂತ ಕಾಣುತ್ತದೆ.

‘ಬಿಸಿ ಆಗ್ಬುಟ್ಟದೆ’ ಅಂದರು. ‘ಒಸಿ ಸೀ ವಾಸ್ನೆ ಬತ್ತದೆ. ಎಂಗಸ್ರು ಉಗುರ್ಗೆ ಬಳ್ಕತಾರಲ್ಲ, ಅಂಗೆ.’

‘ಕೂಗಿ ಅಣ್ಣ. ಜೋರಾಗಿ ಕೂಗಿ. ತೆವಳಕ್ಕಾದ್ರೆ ತೆವಳಿ.’

ಫೋನು ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಅವರು ಕೂಗುವುದು ಕೇಳಿಸಿತು, ಮೊದಲು ಹೆಂಡತಿಯ ಹೆಸರು, ಆಮೇಲೆ ಎದುರು ಮನೆಯವರ ಹೆಸರು. ನಾನು ಲೈನು ಕಡಿದು ಅಗ್ನಿಶಾಮಕಕ್ಕೆ ಮಾಡಿದೆ. ಮುಂದೆ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿದ್ದವು. ಸಾಬರು ಹಾರನ್ನಿನ ಮೇಲಿಂದ ಕೈ ತೆಗೆಯದೆ ಮಣ್ಣಿಗಿಳಿಸಿ ಓಡಿಸಿದರು. ಹಿಂದೆ ಟ್ರಂಕಿನ ಮರಳು ಚೆಲ್ಲುತ್ತಿತ್ತು. ಮತ್ತೆ ಫೋನು ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಮಾಡಿದಾಗ ರಿಂಗೂ ಆಗಲಿಲ್ಲ.

ನಾವು ತಲುಪಿದಾಗ ಅಗ್ನಿಶಾಮಕದವರು ಮೊದಲೇ ಬಂದಿದ್ದರು. ಶೀಟಿನ ಸಂದಿಯಿಂದ ಬೂದು ಹೊಗೆ ಬರುತ್ತಿತ್ತು. ಒಳಗೆ ನೀರು ಹೊಡೆದಾಗಲೆಲ್ಲ ಚಟಚಟ ಅಂತ ಇನ್ನೊಂದು ಸೆಲ್ಲು ಸಿಡಿಯುತ್ತಿತ್ತು. ‘ಆರಿತು ಅಂತ ಬಿಡಬೇಡಿ, ಮತ್ತೆ ಹತ್ತಿಕೊಳ್ಳುತ್ತೆ, ನೀರು ಹೊಡೀತಾನೇ ಇರಿ’ ಅಂತ ನಾನು ಕಿರುಚಿದೆ. ಎದುರು ಮನೆಯ ಮುದುಕಿ ಕೂಗು ಕೇಳಿ ಬಂದು, ಒಬ್ಬಳೇ ಆ ಅಣ್ಣನನ್ನು ದುಪ್ಪಟಿ ಸಮೇತ ಬಾಗಿಲ ತನಕ ಎಳೆದಿದ್ದಳು. ಅಷ್ಟು ಹೊತ್ತಿಗೆ ಆ ಹೊಗೆ ಅವರೊಳಗೆ ಹೋಗಿತ್ತು. ಎದುರು ಜಗಲಿಯ ಮೇಲೆ ಮಲಗಿಸಿದ್ದರು. ಭುಜ, ಕತ್ತು ಸುಟ್ಟಿತ್ತು. ಮೂಗಿನ ಸುತ್ತ ಮಸಿ. ಮಾತು ಬರಲಿಲ್ಲ. ಅವರ ಕಣ್ಣು ನನ್ನ ಕೊರಳಲ್ಲಿದ್ದ ಕಂಪನಿಯ ಐಡಿ ಕಾರ್ಡಿನ ಮೇಲೆ ನಿಂತಿತ್ತು.

ಮೂರನೇ ದಿನ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಬೆಂಕಿಯ ದಿನ ಆ ಬೀದಿಯಲ್ಲಿ ನಿಂತಿದ್ದಾಗಲೇ, ಸಾಬರಿಂದ ಸುದ್ದಿ ತಿಳಿದು ಮಾಲೀಕರು ಫೋನು ಮಾಡಿದ್ದರು. ‘ಬಸ್ಸಿನ ಬಾನೆಟ್ ಮೇಲಿಟ್ಟಿದ್ರಂತಲ್ಲ. ಅದನ್ನ ಹೇಳಿ. ಅದೇನು ಸುಳ್ಳಲ್ಲವಲ್ಲ’ ಅಂದರು. ಸುಳ್ಳಲ್ಲ. ಬಾನೆಟ್ಟಿನ ಬಿಸಿ ನಿಜ, ಪೂರ್ತಿ ಚಾರ್ಜು ನಿಜ. ನಿಜವನ್ನೇ ಹೇಳಿ ಆ ತಂಗಿಯ ತಲೆಗೆ ಕಟ್ಟಬಹುದಿತ್ತು. ಅಗ್ನಿಶಾಮಕದ ಅಧಿಕಾರಿ ಹಲಗೆಗೆ ಹಾಳೆ ಸಿಕ್ಕಿಸಿಕೊಂಡು ಬಂದು, ‘ಯಾವ ಪೆಟ್ಟಿಗೆ ಇದು, ಏನಾದ್ರೂ ಗೊತ್ತಾ?’ ಅಂತ ಕೇಳಿದರು. ‘ಎಲ್ಲಾ ಗೊತ್ತು’ ಅಂದೆ. ಅಂಟು ಮುಗಿದದ್ದರಿಂದ ಹಿಡಿದು ಹಿಂದಿನ ದಿನದ ಫೋನಿನ ತನಕ ಬರೆಸಿ ಸಹಿ ಹಾಕಿದೆ. ಈ ಸಹಿಗೆ ಯಾರೂ ಗುಡ್ ಅನ್ನಲಿಲ್ಲ.

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಅಂತಾರೆ. ನನಗೆ ಆಗಲಿಲ್ಲ. ಶೆಡ್ಡಿಗೆ ಬೀಗ ಬಿತ್ತು. ಹದಿನಾಲ್ಕು ಜನರಲ್ಲಿ ಹೆಚ್ಚಿನವರು ಹೆದ್ದಾರಿಯ ಗಾರ್ಮೆಂಟ್ಸಿಗೆ ಹೋದರು. ಜೋಡಣೆಯ ಹೆಂಗಸನ್ನು ಪೊಲೀಸರು ಎರಡು ಸಲ ಕರೆಸಿದರು. ಒಂದು ದಿನ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಳು. ‘ಟೇಪ್ ಆಕ್ಲಾ ಅಂತ ಕೇಳಿದ್ನಲ್ಲ ಮೇಡಂ’ ಅಂದಳು. ಜಗಳಕ್ಕಲ್ಲ, ತಾನು ಕೇಳಿದ್ದು ಹೌದೋ ಅಲ್ಲವೋ ಅಂತ ಅವಳಿಗೇ ಅನುಮಾನ ಬಂದಂತಿತ್ತು. ‘ನೀನು ಕೇಳಿದ್ದೆ’ ಅಂದೆ. ಅಷ್ಟರಲ್ಲಿ ಬಂದ ರೈಲು ಹತ್ತಿ ಅವಳು ಹೋದಳು.

ತಿಂಗಳು ಕಳೆದ ಮೇಲೆ, ಉಳಿದ ಪೆಟ್ಟಿಗೆಗಳನ್ನು ಪಟ್ಟಿ ಮಾಡಿ ಒಪ್ಪಿಸಲು ಪೊಲೀಸರು ನನಗೆ ಶೆಡ್ಡಿನ ಬೀಗ ತೆಗೆಸಿಕೊಟ್ಟಿದ್ದರು. ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬಳು ಹೆಂಗಸು ಹಸಿರು ಪೆಟ್ಟಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ಮಳವಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಹೂವಿನಂಗಡಿಯವಳು. ಬೆಂಕಿಯ ದಿನ ನಾನು ಅವಳನ್ನು ದೂರದಿಂದ ನೋಡಿದ್ದೆ, ಮಾತಾಡಿಸುವ ಧೈರ್ಯ ಬಂದಿರಲಿಲ್ಲ.

ಪೆಟ್ಟಿಗೆಯನ್ನು ನನ್ನ ಬೆಂಚಿನ ಮೇಲಿಟ್ಟಳು.

‘ಇದು ನೀವ್ ಬದ್ಲಿ ಕೊಟ್ಟಿದ್ದು. ನಿಮ್ದು ನೀವ್ ತಕ್ಕಳಿ. ನಮ್ ನಾದ್ನೀದು ಇಲ್ಲೇ ಅದಲ್ಲ, ಅದ್ನ ಕೊಡಿ. ಅವಳ್ಗೆ ವಾಪಸ್ ಕೊಡ್ಬೇಕು.’

ಅದು ಬೇಡ, ಹೊಸದೇ ಕೊಡುತ್ತೇನೆ, ಏನು ಬೇಕಾದರೂ ಕೊಡುತ್ತೇನೆ ಅಂತೆಲ್ಲ ಬಾಯಿಗೆ ಬಂತು. ಒಳಗಿನಿಂದ ಆ ಹಳೇ ಪೆಟ್ಟಿಗೆ ತಂದಿಟ್ಟೆ.

‘ಅವ್ಳು ಒಂದೇ ಸಮ ಕೇಳ್ತಾವ್ಳೆ’ ಅಂದಳು. ‘ನಾನ್ ತುಂಬುಸ್ದೆ ಕಳ್ಸಿದ್ರೆ ಅಣ್ಣ ಉಳ್ಕತಿದ್ನಾ ಅಂತ. ಊಟ ಬುಟ್ಟವ್ಳೆ. ನಾನೇನ್ ಏಳ್ಲಿ?’

ಉಳಿಯುತ್ತಿದ್ದರೋ ಏನೋ. ನನಗೆ ಗೊತ್ತಿರುವ ವಿದ್ಯೆ ಹಾಗೇ ಹೇಳುತ್ತದೆ. ಅದನ್ನು ಆ ಹೆಂಗಸಿನ ಕೈಯಲ್ಲಿ ಹೇಗೆ ಕಳಿಸುವುದು? ಮತ್ತೊಂದು ‘ಏನಿಲ್ಲ’ ಅನ್ನಲು ನನ್ನ ನಾಲಿಗೆ ಏಳಲಿಲ್ಲ.

‘ತುಂಬಿಸಬೇಡ ಅಂತ ಹೇಳಬೇಕಾಗಿದ್ದವಳು ನಾನು’ ಅಂದೆ. ‘ನಿಮ್ಮ ಯಜಮಾನರು ಬಾಯಿಬಿಟ್ಟು ಕೇಳಿದ್ರು. ನನಗೆ ಗೊತ್ತಿತ್ತು. ಏನಿಲ್ಲ ಅಂದೆ. ಹಾಗಂತ ಅವಳಿಗೆ ಹೇಳಿ. ನನ್ನ ಹೆಸರು ಹಿಡಿದೇ ಹೇಳಿ.’

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪೆಟ್ಟಿಗೆಯ ದೀಪದ ಗುಂಡಿ ಒತ್ತಿ ನೋಡಿದಳು. ಒಂದೇ ಒಂದು ಕೆಂಪು ಗೆರೆ ಹತ್ತಿತು.

‘ಖಾಲಿ ಅದೆ’ ಅಂದಳು. ‘ಇಂಗೇ ಎಂಗ್ ಕೊಡ್ಲಿ? ತುಂಬ್ಸಿ ಕೊಡಿ.’

ನಾನು ಮುಚ್ಚಳ ಬಿಚ್ಚಿ ಅವಳಿಗೆ ಒಳಗೆ ತೋರಿಸಿದೆ. ಬಿಳಿಯ ಅಂಟು, ಅದರೊಳಗೆ ಹೂತ ಸೆನ್ಸರು. ಉಗುರಿನಿಂದ ಎಳೆದು ತೋರಿಸಿದೆ, ಅಲ್ಲಾಡಲಿಲ್ಲ. ಅವಳು ಬಗ್ಗಿ ನೋಡಿ ತಲೆಯಾಡಿಸಿದಳು. ಮುಚ್ಚಳ ಹಾಕಿ ಚಾರ್ಜಿಗೆ ಹಾಕಿದೆ. ಎರಡೂವರೆ ಗಂಟೆಯ ಕೆಲಸ. ಟೀ ತರಿಸಲಾ ಅಂದರೆ ಬೇಡ ಅಂದಳು. ಇನ್ನೊಂದು ಸ್ಟೂಲು ಕೊಟ್ಟೆ. ಬೆಂಚಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕಂಪ್ಯೂಟರಿನಲ್ಲಿ ಗೆರೆ ಮೆಲ್ಲಗೆ ಏರುತ್ತಿತ್ತು, ಮೂವತ್ತೆಂಟು, ನಲವತ್ತು, ನಲವತ್ತೆರಡು. ಸರಿಯಾಗಿದೆ ಅಂತ ಪರದೆ ಅವಳ ಕಡೆ ತಿರುಗಿಸಿದೆ.

ಅವಳು ಅದರ ಕಡೆ ನೋಡಲಿಲ್ಲ. ಜ್ವರ ಬಂದವರ ಹಣೆ ಮುಟ್ಟುವ ಹಾಗೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಹಸಿರು ದೀಪ ಹತ್ತುವ ತನಕ ಆ ಕೈ ತೆಗೆಯಲಿಲ್ಲ.